ಬೆಕ್ಕನ್ನು ವೈದ್ಯರಲ್ಲಿಗೆ ಒಯ್ಯುವ ಬಗೆ

ದನಕ್ಕೆ ಕಾಯಿಲೆಯಾದರೆ ಮೂಗುದಾರ ಹಿಡಿದು ನಡೆಸಿಕೊಂಡು ಹೋಗಬಹುದು. ನಾಯಿಗೆ ಕಾಯಿಲೆಯಾದರೆ ಕೊರಳ ಪಟ್ಟಿಗೆ ಸರಪಣಿ ಸಿಕ್ಕಿಸಿದರಾಯಿತು. ಎಲ್ಲಿಗೆಂದು ಕೇಳದೆ ಅದು ನಮಗಿಂತ ಮುಂದಾಗಿ ಓಡುತ್ತದೆ. ಆಡಿನ ಮರಿಯನ್ನು ಹೆಗಲ ಮೇಲೆ ಹೊತ್ತು ತರುವವರನ್ನೂ, ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಬರುವವರನ್ನೂ ನಮ್ಮೂರಿನ ಪಶುವೈದ್ಯ ಆಸ್ಪತ್ರೆಯ ಜಗುಲಿಯಲ್ಲಿ ಕಂಡಿದ್ದೇನೆ. ಜನರ ಬಾಯಲ್ಲಿ ಅದು ಇಂದಿಗೂ ದನದ ಆಸ್ಪತ್ರೆಯೇ. ಆ ಜಗುಲಿಯಲ್ಲಿ ಬೆಕ್ಕು ತಂದವರು ಮಾತ್ರ ಅಪರೂಪ. ಬೆಕ್ಕಿಗೆ ಕಾಯಿಲೆ ಬರುವುದಿಲ್ಲವೆಂದಲ್ಲ. ಬೆಕ್ಕು ಆಸ್ಪತ್ರೆಗೆ ಬರುವುದಿಲ್ಲ, ಅಷ್ಟೆ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಲಿಗಳು ಸಭೆ ಸೇರಿದ ಕಥೆ ನಿಮಗೆ ಗೊತ್ತು. ಬೆಕ್ಕಿಗೆ ಕಾಯಿಲೆಯಾದ ಮನೆಯಲ್ಲಿ ನಡೆಯುವ ಸಭೆಯೂ ಅಂಥದೇ. ಆಸ್ಪತ್ರೆಗೆ ಒಯ್ಯಬೇಕು ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಹಿಡಿದು ಬುಟ್ಟಿಗೆ ಹಾಕುವವರು ಯಾರು? ‘ನಾಳೆ ನೋಡೋಣ’ ಎಂಬ ನಿರ್ಣಯದೊಡನೆ ಸಭೆ ಮುಗಿಯುತ್ತದೆ. ಈ ನಾಳೆಯ ವಿಷಯವಾಗಿಯೇ ನಾನು ನಾಲ್ಕು ಮಾತು ಹೇಳಬೇಕೆಂದಿರುವುದು. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಇಂಥ ನಾಳೆಯೊಂದರಿಂದ ಒಂದು ಬೆಕ್ಕನ್ನು ಕಳೆದುಕೊಂಡವನು. ಅಷ್ಟರಮಟ್ಟಿಗೆ ಈ ಮಾತು ಆಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ನಮ್ಮ ಮನೆಯಲ್ಲಿ ಕೆಂಚ ಎಂಬ ಗಂಡು ಬೆಕ್ಕಿತ್ತು. ಒಂದು ಶುಕ್ರವಾರ ಸಂಜೆ ಅದು ಹಿತ್ತಲ ಬೂದಿಗುಂಡಿಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕುತ್ತಿದ್ದುದನ್ನು ಕಂಡೆವು. ಮಲಬದ್ಧತೆಯೆಂದು ನಾವೇ ತೀರ್ಮಾನಿಸಿ, ನನ್ನ ಹೆಂಡತಿ ಬೇಡವೆಂದರೂ ಕೇಳದೆ, ನಾನು ಒಂದು ಚಮಚ ಹರಳೆಣ್ಣೆ ಕುಡಿಸಿದೆ. ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಒಯ್ಯೋಣವೆಂದು ಅಟ್ಟದ ಮೇಲಿನಿಂದ ಬುಟ್ಟಿ ಇಳಿಸಿದ್ದೇ ತಡ, ಕೆಂಚ ಅಟ್ಟ ಏರಿತು. ಅರ್ಧ ಗಂಟೆ ಏಣಿ, ಕೋಲು, ಒಣಮೀನು ಎಲ್ಲ ಪ್ರಯೋಗವೂ ಆಯಿತು. ನನಗೆ ಶಾಲೆಗೆ ಹೊತ್ತಾಯಿತು. ಭಾನುವಾರ ಆಸ್ಪತ್ರೆಗೆ ರಜ. ಸೋಮವಾರ ಕೆಂಚ ತಾನಾಗಿಯೇ ಕೆಳಗಿಳಿದು ಬಚ್ಚಲ ಬಾಗಿಲಲ್ಲಿ ಮಲಗಿತ್ತು. ಆ ದಿನ ಅದು ಸ್ವಲ್ಪವೂ ತಂಟೆ ಮಾಡಲಿಲ್ಲ. ಎತ್ತಿ ಬುಟ್ಟಿಯಲ್ಲಿಟ್ಟರೆ ಇಟ್ಟ ಹಾಗೆಯೇ ಇತ್ತು. ಹೊಟ್ಟೆ ಮುಟ್ಟಿ ನೋಡಿದ ವೈದ್ಯರು, “ಇದು ಮಲಬದ್ಧತೆಯಲ್ಲ ಮೇಷ್ಟ್ರೇ, ಮೂತ್ರ ಕಟ್ಟಿದೆ. ಶನಿವಾರವೇ ತಂದಿದ್ದರೆ ನಳಿಕೆ ಹಾಕಿ ಬಿಡಿಸಬಹುದಿತ್ತು” ಎಂದರು. ಮಧ್ಯಾಹ್ನದ ಹೊತ್ತಿಗೆ ಅದು ತೀರಿಹೋಯಿತು.

ಗಂಡು ಬೆಕ್ಕು ಸಾಕಿದವರು ಇದನ್ನು ಅಗತ್ಯವಾಗಿ ತಿಳಿದಿರಬೇಕು. ಗಂಡಿನ ಮೂತ್ರನಾಳದ ತುದಿ ಬಹಳ ಕಿರಿದು. ಮೂತ್ರದಲ್ಲಿನ ಸಣ್ಣ ಹರಳುಗಳೂ ಲೋಳೆಯೂ ಸೇರಿ ಅಲ್ಲಿ ಬಿರಟೆಯಂತೆ ಕೂತುಬಿಡುವುದುಂಟು. ಹೊರಗೆ ಹೋಗಬೇಕಾದ ವಿಷ ರಕ್ತಕ್ಕೆ ಮರಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಕೊನೆಗೆ ಹೃದಯವೇ ನಿಲ್ಲುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಎರಡು ಮೂರು ದಿನದಲ್ಲಿ ಎಲ್ಲ ಮುಗಿಯುತ್ತದೆ. ಪದೇ ಪದೇ ಕೂರುವುದು, ಕೂತಾಗ ಕೂಗುವುದು, ಹಿಂಭಾಗವನ್ನು ಬಿಡದೆ ನೆಕ್ಕುವುದು, ಒಂದು ಹನಿಯೂ ಬಾರದಿರುವುದು, ಇಷ್ಟು ಕಂಡರೆ ಆ ಗಳಿಗೆಯೇ ಹೊರಡಬೇಕು, ರಾತ್ರಿಯಾದರೂ ಸರಿ. ಬಾಯಿ ತೆರೆದು ನಾಯಿಯಂತೆ ಏದುಸಿರು ಬಿಡುತ್ತಿರುವ ಬೆಕ್ಕಿನ ವಿಷಯವೂ ಹೀಗೆಯೇ.

ಉಳಿದ ಕಾಯಿಲೆಗಳು ಇಷ್ಟು ಗಟ್ಟಿಯಾಗಿ ಬಾಗಿಲು ತಟ್ಟುವುದಿಲ್ಲ. ಬೆಕ್ಕು ನೋವನ್ನು ಮುಚ್ಚಿಡುವುದರಲ್ಲಿ ನಿಪುಣ. ಅದರ ಮೂಲವಂಶ ಆಫ್ರಿಕದ ಮತ್ತು ಪಶ್ಚಿಮ ಏಷ್ಯದ ಒಣನೆಲದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲಿ ಹೂತಿದ್ದ ಬೆಕ್ಕಿನ ಅಸ್ಥಿಪಂಜರವೊಂದು ಸಿಕ್ಕಿದ ಸಂಗತಿ 2004ರಲ್ಲಿ ಪ್ರಕಟವಾಯಿತು. ಅದಕ್ಕೆ ಸುಮಾರು 9,500 ವರ್ಷ. ಇಷ್ಟು ಹಳೆಯ ನಂಟಾದರೂ ಬೆಕ್ಕು ಒಂಟಿ ಬೇಟೆಗಾರನ ಸ್ವಭಾವ ಬಿಟ್ಟಿಲ್ಲ. ಒಂಟಿಯಾಗಿ ಬಾಳುವ ಸಣ್ಣ ಪ್ರಾಣಿ ತನಗಿಂತ ದೊಡ್ಡದಕ್ಕೆ ತಾನೇ ಬೇಟೆಯೂ ಹೌದು. ಕುಂಟುವುದು ಕಂಡರೆ ಸಾಕು, ಮೇಲೆ ಬೀಳುವವರಿದ್ದಾರೆ. ಆದ್ದರಿಂದ ಅದು ಕುಂಟುವುದಿಲ್ಲ; ಹಾಸಿಗೆಯ ರಾಶಿಯ ಹಿಂದೆ ಸೇರಿಕೊಳ್ಳುತ್ತದೆ. ಎಂದೂ ಕಪಾಟು ಹಾರುತ್ತಿದ್ದುದು ಹಾರುವುದನ್ನು ಬಿಡುತ್ತದೆ, ಮೈ ನೆಕ್ಕುವುದನ್ನು ಬಿಟ್ಟು ರೋಮ ಗಂಟುಗಂಟಾಗುತ್ತದೆ, ನೀರು ಹೆಚ್ಚು ಕುಡಿಯತೊಡಗುತ್ತದೆ. ಗುರುಗುರು ಸದ್ದು ಮಾಡುತ್ತಿದೆ, ಆದ್ದರಿಂದ ಸುಖವಾಗಿದೆ ಎಂದುಕೊಳ್ಳಬೇಡಿ. ನೋವಿನಲ್ಲಿಯೂ ಬೆಕ್ಕು ಗುರುಗುಟ್ಟುತ್ತದೆ. ಮೈ ಮುಟ್ಟಿ ಜ್ವರ ಹೇಳುವುದೂ ಆಗದ ಮಾತು. ಅದರ ಸಹಜವಾದ ಶಾಖವೇ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬೆಚ್ಚಗೇ.

ಊಟದ ವಿಷಯವೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಲಂಘನ ಪರಮೌಷಧವೆಂಬ ಮಾತಿದೆ. ಅದು ಮನುಷ್ಯರಿಗೆ ಹೇಳಿದ್ದು. ಬೆಕ್ಕು, ಅದರಲ್ಲಿಯೂ ಮೈತುಂಬಿದ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದೆ ಇದ್ದರೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಂಡು ಅದೇ ಇನ್ನೊಂದು ಕಾಯಿಲೆಯಾಗುತ್ತದೆ. ಒಂದು ಇಡೀ ದಿನ ಅನ್ನ ಮುಟ್ಟದ ಬೆಕ್ಕನ್ನು ವೈದ್ಯರು ನೋಡಬೇಕು.

ನೋಡಬೇಕು ಎನ್ನುವುದೇನೋ ಸುಲಭ. ಬುಟ್ಟಿ ಕಂಡೊಡನೆ ಅಟ್ಟ ಏರುವ ಪ್ರಾಣಿಯನ್ನು ಒಯ್ಯುವುದು ಹೇಗೆ? ಅದಕ್ಕೆ ಮೊದಲು, ಅದು ಅಟ್ಟ ಏರುವುದೇಕೆ ಎಂಬುದನ್ನು ವಿಚಾರಿಸಬೇಕು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದ ಮಕ್ಕಳು ಕನ್ನಡನಾಡಿನಲ್ಲಿ ಇಲ್ಲ. ಕೃಷ್ಣದೇವರಾಯ ಬೆಕ್ಕು ಸಾಕಲು ಬೆಕ್ಕಿನೊಡನೆ ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆಂದೂ ಹಾಲಿನ ಬಟ್ಟಲಿನ ಹತ್ತಿರ ಸುಳಿಯಲಿಲ್ಲ. ಹಾಲೆಲ್ಲ ಕವಿಯ ಮನೆಯವರಿಗೆ ಆಯಿತು. ತರಗತಿಯಲ್ಲಿ ಈ ಕಥೆ ಹೇಳಿ ಮಕ್ಕಳನ್ನು ನಗಿಸಿದ್ದೇನೆ. ಬೆಕ್ಕಿನ ಪಕ್ಷದಿಂದ ನೋಡಿದರೆ ಅದರಲ್ಲಿ ನಗುವಂಥದು ಕಡಮೆ. ಒಂದೇ ಸಲ ಸುಟ್ಟರೆ ಸಾಕು, ಬೆಕ್ಕು ಬಟ್ಟಲನ್ನೇ ನೆನಪಿಡುತ್ತದೆ ಎಂಬ ತಿಳಿವಳಿಕೆ ಆ ಕಥೆ ಕಟ್ಟಿದವರಿಗೆ ಚೆನ್ನಾಗಿತ್ತು.

ನಮ್ಮ ಬುಟ್ಟಿ ಬೆಕ್ಕಿನ ಪಾಲಿಗೆ ಆ ಬಿಸಿ ಹಾಲಿನ ಬಟ್ಟಲು. ವರ್ಷಕ್ಕೊಮ್ಮೆ ಅದು ಅಟ್ಟದಿಂದ ಇಳಿಯುತ್ತದೆ. ಇಳಿದ ದಿನ ಮನೆಮಂದಿಯೆಲ್ಲ ಅಟ್ಟಿಸಿಕೊಂಡು ಬರುತ್ತಾರೆ, ಕತ್ತು ಹಿಡಿದು ತುರುಕುತ್ತಾರೆ, ಮುಂದೆ ಆಟೋದ ಗಲಭೆ, ನಾಯಿಯ ಬೊಗಳು, ಸೂಜಿ. ಇಷ್ಟಾದ ಮೇಲೂ ಬುಟ್ಟಿ ಕಂಡು ಓಡದಿದ್ದರೆ ಬೆಕ್ಕಿಗೆ ಬುದ್ಧಿಯಿಲ್ಲವೆನ್ನಬೇಕು. ಬುಟ್ಟಿಯ ಬದಲು ಚೀಲವಾದರಂತೂ ಕೇಳುವುದೇ ಬೇಡ. ಹಾಲು ಕುಡಿಯುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದದ್ದು. ನನ್ನ ಅಜ್ಜಿಯ ಮನೆಯಲ್ಲಿ, ಕವಾಟದ ರೇಡಿಯೋದ ಬಿಸಿ ನೆತ್ತಿಯ ಮೇಲೆ ಮಲಗಿ ಪ್ರದೇಶ ಸಮಾಚಾರ ಕೇಳುತ್ತಿದ್ದ ಬೆಕ್ಕಿಗೂ ಕೊನೆಗೆ ಆ ಚೀಲವೇ ಆಯಿತು. ಗಡೀಪಾರಿಗೂ ಚಿಕಿತ್ಸೆಗೂ ನಾವು ಒಂದೇ ವಾಹನ ಇಟ್ಟುಕೊಂಡರೆ ಬೆಕ್ಕು ಅವೆರಡರ ಭೇದವನ್ನು ಹೇಗೆ ತಿಳಿದೀತು?

ಆದ್ದರಿಂದ ಆಸ್ಪತ್ರೆಯ ಪ್ರಯಾಣ ಕಾಯಿಲೆ ಬಂದ ದಿನ ಆರಂಭವಾಗುವುದಲ್ಲ. ಬೆಕ್ಕು ಆರೋಗ್ಯವಾಗಿರುವಾಗಲೇ, ಬುಟ್ಟಿ ಅಟ್ಟದಿಂದ ಇಳಿದು ನಡುಮನೆಯಲ್ಲಿ ನೆಲೆಸಿದ ದಿನ ಆರಂಭವಾಗುತ್ತದೆ. ಬುಟ್ಟಿ ಎಂದರೂ ನಾನು ಹೇಳುವುದು ಗಟ್ಟಿಯಾದ ಪ್ಲಾಸ್ಟಿಕ್ ಪೆಟ್ಟಿಗೆ. ಗಾಳಿಗೆ ಜಾಲಂಧ್ರ, ಮುಂದೆ ಬಾಗಿಲು, ಅದಕ್ಕಿಂತ ಮುಖ್ಯವಾಗಿ ಮೇಲಿನ ಅರ್ಧ ಬಿಚ್ಚಿಬರುವಂಥದು. ಇದರ ಪ್ರಯೋಜನ ಆಸ್ಪತ್ರೆಯಲ್ಲಿ ತಿಳಿಯುತ್ತದೆ. ಹಳೆಯ ಬಿದಿರಿನ ಮುಚ್ಚಳದ ಬುಟ್ಟಿಯೂ ಆದೀತು, ಮುಚ್ಚಳ ಭದ್ರವಾಗಿದ್ದರೆ. ರಟ್ಟಿನ ಪೆಟ್ಟಿಗೆ ಬೇಡ. ಅದು ಒದ್ದೆಯಾದರೆ ತಳ ಬಿಡುತ್ತದೆ, ಬೆಕ್ಕು ಹೆದರಿದರೆ ಒದ್ದೆಯಾಗಿಯೇ ಆಗುತ್ತದೆ.

ಪೆಟ್ಟಿಗೆಯ ಬಾಗಿಲು ತೆಗೆದಿಟ್ಟು, ಬೆಕ್ಕು ಮಲಗುವ ಹಳೆಯ ಸೀರೆಯ ತುಂಡೊಂದನ್ನು ಒಗೆಯದೆ ಒಳಗೆ ಹಾಸಿ, ಅದಕ್ಕೆ ಇಷ್ಟವಾದ ಮೂಲೆಯಲ್ಲಿಡಿ. ಅನಂತರ ಅದರ ಗೊಡವೆಗೆ ಹೋಗಬೇಡಿ. ಎರಡು ದಿನ ಬೆಕ್ಕು ಅದನ್ನು ಸುತ್ತು ಹಾಕುತ್ತದೆ. ಬಾಗಿಲಲ್ಲಿ ಒಂದು ಚೂರು ಮೀನು ಇಟ್ಟರೆ ಕತ್ತು ಚಾಚಿ ತಿನ್ನುತ್ತದೆ. ದಿನ ದಿನವೂ ತಟ್ಟೆ ಒಂದು ಗೇಣು ಒಳಗೆ ಸರಿಯಲಿ. ಅದು ಅಂಚಿಗೆ ಕೆನ್ನೆ ತಿಕ್ಕತೊಡಗಿತೆಂದರೆ ಅರ್ಧ ಕೆಲಸವಾಯಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ, ತಿಕ್ಕುವುದೆಂದರೆ ಇದು ನನ್ನದು ಎಂದು ರುಜು ಹಾಕುವುದು. ಒಳಗೆ ಮಲಗುವುದು ರೂಢಿಯಾದ ಮೇಲೆ ಬಾಗಿಲನ್ನು ಅರೆಗಳಿಗೆ ಮುಚ್ಚಿ ತೆಗೆಯಿರಿ. ಮುಂದೊಂದು ದಿನ ಎತ್ತಿಕೊಂಡು ಜಗುಲಿಯವರೆಗೆ ಹೋಗಿ ಬನ್ನಿ, ಬಂದೊಡನೆ ತಿಂಡಿ ಕೊಡಿ. ಕೆಲವು ಬೆಕ್ಕಿಗೆ ವಾರ ಸಾಕು, ಕೆಲವಕ್ಕೆ ಎರಡು ತಿಂಗಳು. ಅವಸರ ಮಾಡಿದರೆ ಮತ್ತೆ ಬಿಸಿ ಹಾಲು.

ಇದೆಲ್ಲ ಸರಿ, ನಮ್ಮ ಬೆಕ್ಕು ಇವತ್ತೇ ಮಲಗಿದೆ, ಎರಡು ತಿಂಗಳಿಗೆ ಎಲ್ಲಿಗೆ ಹೋಗೋಣ ಎಂದು ನೀವು ಕೇಳುತ್ತೀರಿ. ಆಗ ಮಾಡಬೇಕಾದ್ದು ಬೇರೆ. ಪೆಟ್ಟಿಗೆಯನ್ನು ಬೆಕ್ಕಿನ ಕಣ್ಣಿಗೆ ಬೀಳಿಸುವ ಮೊದಲು ಬೆಕ್ಕನ್ನು ಒಂದು ಸಣ್ಣ ಕೋಣೆಗೆ ಸೇರಿಸಿ ಬಾಗಿಲು ಹಾಕಿರಿ. ಅಟ್ಟವಿಲ್ಲದ, ಮಂಚವಿಲ್ಲದ ಕೋಣೆಯಾದರೆ ಮೇಲು. ಮನೆಯ ಜನವೆಲ್ಲ ಒಳಗೆ ನುಗ್ಗಬಾರದು. ಬೆಕ್ಕಿಗೆ ರೂಢಿಯಾದವರು ಒಬ್ಬರು ಸಾಕು. ದಪ್ಪ ಟವೆಲೊಂದನ್ನು ಮೆಲ್ಲಗೆ ಮೇಲೆ ಹೊದಿಸಿ, ಕಾಲುಗಳು ಒಳಗಾಗುವಂತೆ ಸುತ್ತಿ, ಎಳೆಗೂಸನ್ನು ಎತ್ತುವ ಹಾಗೆ ಕೆಳಗೊಂದು ಕೈ ಕೊಟ್ಟು ಎತ್ತಿ. ಮುಖ ಮುಂದಾಗಿ ತಳ್ಳಿದರೆ ನಾಲ್ಕು ಕಾಲನ್ನೂ ಚೌಕಟ್ಟಿಗೆ ಊರಿ ನಿಲ್ಲುತ್ತದೆ. ಬಾಲದ ಕಡೆಯಿಂದ ಹಿಮ್ಮುಖವಾಗಿ ಇಳಿಸಿ. ಎಲ್ಲಿಗೆ ಹೋಗುತ್ತಿದ್ದೇನೆಂಬುದು ಅದಕ್ಕೆ ತಿಳಿಯುವಷ್ಟರಲ್ಲಿ ಟವೆಲಿನ ಸಮೇತ ಒಳಗಿರುತ್ತದೆ. ಬಾಗಿಲಿರುವ ಪೆಟ್ಟಿಗೆಯನ್ನು ಬಾಗಿಲು ಮೇಲಾಗುವಂತೆ ನೆಟ್ಟಗೆ ನಿಲ್ಲಿಸಿಕೊಂಡರೆ ಈ ಕೆಲಸ ಸುಲಭ.

ಕತ್ತಿನ ತೊಗಲು ಹಿಡಿದು ಎತ್ತಬಾರದೆ ಎಂಬ ಪ್ರಶ್ನೆ ಬರುತ್ತದೆ. ಶ್ರೀವೈಷ್ಣವರಲ್ಲಿ ಮಾರ್ಜಾಲಕಿಶೋರ ನ್ಯಾಯವೆಂಬುದೊಂದಿದೆ. ಮರ್ಕಟದ ಮರಿ ತಾಯಿಯನ್ನು ತಾನೇ ಅವಚಿಕೊಳ್ಳುತ್ತದೆ. ಮಾರ್ಜಾಲದ ಮರಿ ಸುಮ್ಮನಿರುತ್ತದೆ, ತಾಯಿಯೇ ಕಚ್ಚಿಕೊಂಡು ಒಯ್ಯುತ್ತಾಳೆ. ವಡಗಲೆಯವರು ಮೊದಲಿನದನ್ನೂ ತೆಂಗಲೆಯವರು ಎರಡನೆಯದನ್ನೂ ಶರಣಾಗತಿಗೆ ದೃಷ್ಟಾಂತವಾಗಿ ಹೇಳುವರು. ದೃಷ್ಟಾಂತ ಸೊಗಸಾದದ್ದೇ. ಆದರೆ ಅದು ಕಿಶೋರ ನ್ಯಾಯ, ಮರಿಯ ಮಾತು. ಬೆಳೆದ ಬೆಕ್ಕಿಗೆ ನಾವು ತಾಯಿಯೂ ಅಲ್ಲ, ಅದರ ಭಾರವನ್ನು ಕತ್ತಿನ ತೊಗಲು ಹೊರುವುದೂ ಇಲ್ಲ. ಹಾಗೆ ಹಿಡಿದಾಗ ಅದು ಸುಮ್ಮನಾದರೆ ಅದು ಶರಣಾಗತಿಯಲ್ಲ, ಭಯದಿಂದ ಮೈ ಬಿಗಿದದ್ದು. ಅಮೆರಿಕದ ಬೆಕ್ಕುವೈದ್ಯರ ಸಂಘವೂ ಅಂತರರಾಷ್ಟ್ರೀಯ ಸಂಘವೂ ಸೇರಿ 2022ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಈ ಹಿಡಿತ ಬೇಡವೆಂದೇ ಹೇಳಿದೆ.

ಹೊರಡುವಾಗ ಪೆಟ್ಟಿಗೆಯ ಮೇಲೊಂದು ತೆಳುವಾದ ಬಟ್ಟೆ ಮುಚ್ಚಿ. ಕಣ್ಣಿಗೆ ಕಾಣದಿದ್ದರೆ ಬೆಕ್ಕಿಗೆ ಅರ್ಧ ಭಯ ಕಡಮೆ. ಕಿವಿಯನ್ನು ಮುಚ್ಚುವ ಉಪಾಯ ನಮ್ಮಲ್ಲಿಲ್ಲ. ನಮ್ಮ ಕಿವಿಗೆ ಸೆಕೆಂಡಿಗೆ 20 ಸಾವಿರ ಕಂಪನದವರೆಗೆ ಮಾತ್ರ ಕೇಳಿಸಿದರೆ ಬೆಕ್ಕಿಗೆ 60 ಸಾವಿರ ದಾಟಿಯೂ ಕೇಳುತ್ತದೆ. ಆಟೋದಲ್ಲಿ ಪೆಟ್ಟಿಗೆಯನ್ನು ಕಾಲ ಬಳಿ ನೆಲದ ಮೇಲಿಟ್ಟರೆ ಎಂಜಿನಿನ ನಡುಕವೆಲ್ಲ ಅದಕ್ಕೆ. ತೊಡೆಯ ಮೇಲಿಟ್ಟು ಎರಡು ಕೈಯಿಂದ ಹಿಡಿದುಕೊಳ್ಳಿ. ಹಿಡಿಯಲ್ಲಿ ತೂಗಾಡಿಸುತ್ತ ನಡೆಯಬೇಡಿ, ಕೆಳಗೆ ಕೈ ಕೊಟ್ಟು ಎದೆಗವಚಿ ನಡೆಯಿರಿ. ಕೂಗುತ್ತಿದೆ ಪಾಪ ಎಂದು ದಾರಿಯಲ್ಲಿ ಬಾಗಿಲು ತೆರೆದವರ ಬೆಕ್ಕು ಮತ್ತೆ ಮನೆಗೆ ಬರುವುದು ಸಂಶಯ. ದಾರಿಯಲ್ಲಿ ವಾಂತಿಯಾಗದಿರಲೆಂದು ಮೂರು ನಾಲ್ಕು ಗಂಟೆ ಮೊದಲು ಅನ್ನ ನಿಲ್ಲಿಸುವುದುಂಟು. ಮರಿಗಳಿಗೂ, ಮೊದಲೇ ಬಳಲಿದ ಬೆಕ್ಕಿಗೂ ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ಅತಿಯಾಗಿ ಹೆದರುವ ಬೆಕ್ಕಿಗೆ ಮನೆಯಲ್ಲಿಯೇ ಮೊದಲು ಕೊಡುವ ಮಾತ್ರೆಗಳಿವೆ. ಅವನ್ನು ವೈದ್ಯರೇ ಬರೆದುಕೊಡಬೇಕು, ತೂಕ ನೋಡಿ. ಮನೆಗೇ ಬಂದು ನೋಡುವ ವೈದ್ಯರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಸಿಕ್ಕರೆ ಇಷ್ಟೆಲ್ಲ ಯಾತನೆಯೇ ಇಲ್ಲ.

ಮಾತ್ರೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಜ್ವರಕ್ಕೆಂದು ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಸಾಲದು. ರಕ್ತ ಕಂದುಬಣ್ಣಕ್ಕೆ ತಿರುಗಿ ಪ್ರಾಣವಾಯುವನ್ನು ಹೊರಲಾರದಾಗುತ್ತದೆ. ಒಂದೇ ಮಾತ್ರೆ ಕೊಲ್ಲಬಲ್ಲದು. ಹಿಡಿಯುವ ಕಷ್ಟಕ್ಕೆ ಹೆದರಿ ಹಾಲಿನಲ್ಲಿ ಅರ್ಧ ಮಾತ್ರೆ ಅರೆದು ಕೊಡುವವರಿದ್ದಾರೆ. ಹರಳೆಣ್ಣೆ ಕೊಟ್ಟ ನನಗೆ ಅವರನ್ನು ಬೈಯುವ ಮುಖವಿಲ್ಲ. ಕೊಡಬೇಡಿ ಎಂದು ಬೇಡುತ್ತೇನೆ.

ಆಸ್ಪತ್ರೆಯ ಜಗುಲಿಯಲ್ಲಿ ಪೆಟ್ಟಿಗೆಯನ್ನು ನೆಲದ ಮೇಲಿಡಬೇಡಿ, ನಾಯಿಗಳ ಮೂಗಿಗೆ ಎದುರಾಗುತ್ತದೆ. ಬೆಂಚಿನ ಮೇಲೆ, ಸಾಧ್ಯವಾದರೆ ಹೊರಗಿನ ಮರದ ನೆರಳಿನಲ್ಲಿ ಕಾಯುತ್ತೇವೆಂದು ಹೇಳಿ ಕೂರಿ. ಒಳಗೆ ಹೋದಾಗ ಬೆಕ್ಕನ್ನು ಎಳೆದು ತೆಗೆಯುವ ಬದಲು ಪೆಟ್ಟಿಗೆಯ ಮೇಲರ್ಧವನ್ನು ಬಿಚ್ಚಿದರೆ ಅದು ತನ್ನ ಸೀರೆಯ ತುಂಡಿನ ಮೇಲೆಯೇ ಕುಳಿತಿರುತ್ತದೆ. ವೈದ್ಯರು ಬಹುಮಟ್ಟಿಗೆ ಎಲ್ಲವನ್ನೂ ಅಲ್ಲಿಯೇ ನೋಡಬಹುದು. ಹೆದರಿದ ಬೆಕ್ಕಿನ ನಾಡಿ, ಶಾಖ, ರಕ್ತದ ಸಕ್ಕರೆ ಎಲ್ಲ ಏರಿರುತ್ತವೆ, ಕಾಯಿಲೆ ಯಾವುದು ಭಯ ಯಾವುದು ಎಂದು ತಿಳಿಯದೆ ವೈದ್ಯರಿಗೂ ಕಷ್ಟ. ಎಷ್ಟು ದಿನದಿಂದ, ಏನು ತಿಂದಿತು, ಮಲಮೂತ್ರ ಹೇಗಿತ್ತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಹೋದ ಮೇಲೆ ನೆನಪಾಗುವುದಿಲ್ಲ, ನನಗೆ ಆಗಲಿಲ್ಲ.

ಇಷ್ಟರಲ್ಲಿ ಎಲ್ಲಿಯಾದರೂ ಬೆಕ್ಕು ಕಚ್ಚಿದರೆ ಅದನ್ನು ಸಣ್ಣದೆಂದು ಬಿಡಬೇಡಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿದು ಮೇಲೆ ಚುಕ್ಕೆ ಮಾತ್ರ ಉಳಿಸುತ್ತದೆ. ಒಂದೇ ದಿನದಲ್ಲಿ ಕೈ ಬಾತುಕೊಳ್ಳಬಹುದು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಮನುಷ್ಯರ ಆಸ್ಪತ್ರೆಗೆ ಹೋಗಬೇಕು. ಬೆಕ್ಕಿಗೆ ವರ್ಷವರ್ಷವೂ ಲಸಿಕೆ ಹಾಕಿಸಿದ್ದರೆ ನಿಮಗೂ ಧೈರ್ಯ.

ಮನೆಗೆ ಬಂದ ಮೇಲೆ ಇನ್ನೊಂದು ವಿಚಿತ್ರವಿದೆ. ಮನೆಯಲ್ಲಿ ಎರಡು ಬೆಕ್ಕಿದ್ದರೆ, ಒಟ್ಟಿಗೆ ಬೆಳೆದದ್ದೇ ಆದರೂ, ಉಳಿದ ಬೆಕ್ಕು ಆಸ್ಪತ್ರೆಯಿಂದ ಬಂದದ್ದನ್ನು ಕಂಡು ಬುಸುಗುಟ್ಟುತ್ತದೆ. ಮುಖ ಅದೇ, ವಾಸನೆ ಬೇರೆ. ಬೆಕ್ಕಿನ ಲೋಕದಲ್ಲಿ ಗುರುತು ವಾಸನೆಯದು. ಒಂದು ದಿನ ಬೇರೆ ಕೋಣೆಯಲ್ಲಿಟ್ಟರೆ ಸರಿಹೋಗುತ್ತದೆ.

ಕೆಂಚ ಹೋದ ಎರಡು ವರ್ಷಕ್ಕೆ ಪುಟ್ಟಿ ಬಂತು. ಹೋದ ಮಳೆಗಾಲದಲ್ಲಿ ಅದು ಅನ್ನದ ತಟ್ಟೆಯ ಮುಂದೆ ಕೂತು, ಮೂಸಿ, ಎದ್ದು ಹೋಯಿತು. ಅಂದು ಶನಿವಾರ. ನಾನು ಶಾಲೆಗೆ ರಜ ಬರೆದು ಕಳಿಸಿದೆ. ಪುಟ್ಟಿ ಪೆಟ್ಟಿಗೆಯೊಳಗೆಯೇ ಮಲಗಿತ್ತು. ಬಾಗಿಲು ಹಾಕಿ ಬಟ್ಟೆ ಮುಚ್ಚಿದೆ. ದವಡೆಯ ಹಲ್ಲಿನ ಬುಡ ಕೀವಾಗಿತ್ತು. ಹಲ್ಲು ಕಿತ್ತ ಮೂರನೆಯ ದಿನಕ್ಕೆ ತಟ್ಟೆ ಖಾಲಿ ಮಾಡಿತು. ಇದನ್ನು ಕೇಳಿದ ಪಕ್ಕದ ಮನೆಯಾಕೆ, “ಮೇಷ್ಟ್ರೇ, ನಮ್ಮ ಬೆಕ್ಕಿಗೂ ಮೈಯಲ್ಲಿ ಹುಷಾರಿಲ್ಲ, ನಿಮ್ಮ ಪೆಟ್ಟಿಗೆ ಒಂದು ದಿನದ ಮಟ್ಟಿಗೆ ಕೊಡ್ತೀರಾ?” ಎಂದು ಕೇಳಿದರು. ಇಲ್ಲವೆನ್ನಬೇಕಾಯಿತು. ಬೇರೆ ಬೆಕ್ಕಿನ ವಾಸನೆ ಹತ್ತಿದರೆ ಪುಟ್ಟಿ ಮತ್ತೆ ಅದರೊಳಗೆ ಕಾಲಿಡದು. ಪೇಟೆಗೆ ಹೋಗಿ ಅವರಿಗೂ ಒಂದನ್ನು ತಂದುಕೊಟ್ಟು, ಟವೆಲು ಸುತ್ತುವುದನ್ನು ತೋರಿಸಿಕೊಟ್ಟು ಬಂದೆ.